ಇಬ್ಬರ ಪಾಲಿನ ಅಕ್ಕಿ

ಹೊಂಗೆಕೊಪ್ಪಲು, ಕೆ.ಆರ್. ಪೇಟೆ ತಾಲ್ಲೂಕು
15-6-2024, ಶನಿವಾರ

ಹೇಮಾ,

ಫೋನು ಇರುವ ಕಾಲದಲ್ಲಿ ಅಕ್ಕನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹತ್ತಿತು ಅಂತ ನಗಬೇಡ. ನಿನ್ನ ರೂಮಿನಲ್ಲಿ ಇರುವುದು ಒಂದೇ ಫೋನು, ಅದು ಸದಾ ಸಹನಳ ಕೈಯಲ್ಲಿರುತ್ತದೆ. ಸಂಜೆ ನಾನು ಮಾತಾಡಿದರೆ ಅವಳು ನಿನ್ನ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಾಳೆ. ಅಕ್ಕಿ ಬೇಳೆಯ ಗೋಳು ನನ್ನ ಮಗಳ ಕಿವಿಗೆ ಬೀಳುವುದು ಬೇಡ. ಅವಳು ಓದಲಿ, ಮಿಕ್ಕಿದ್ದು ನಾವಿಬ್ಬರು ನೋಡಿಕೊಳ್ಳೋಣ. ಇನ್ನು ಮೇಲೆ ಏನಿದ್ದರೂ ಬರೆದು ಮರಿಸ್ವಾಮಿಯ ತರಕಾರಿ ಟೆಂಪೊದಲ್ಲಿ, ಚೀಲದ ಬಾಯೊಳಗೆ ಇಟ್ಟು ಕಳಿಸುತ್ತೇನೆ. ನೀನೂ ಹಾಗೇ ಮಾಡು. ಅವನು ತೆಗೆದು ಓದುವ ಪೈಕಿ ಅಲ್ಲ.

ಈ ತಿಂಗಳ ರೇಷನ್ ಅಕ್ಕಿ ಪೂರ್ತಿ ಕಳಿಸಿದ್ದೇನೆ. ನಮ್ಮ ಕಾರ್ಡಿನಲ್ಲಿ ಇರುವುದು ಎರಡೇ ಹೆಸರು, ನನ್ನದು ಮತ್ತು ಸಹನಳದು. ನನ್ನ ಪಾಲು ಯಾಕೆ ಉಳಿಸಿಕೊಳ್ಳಲಿಲ್ಲ ಅಂತ ಕೇಳಬೇಡ. ಬಿಸಿಯೂಟದ ಅಡುಗೆಯವಳಿಗೆ ಮಧ್ಯಾಹ್ನದ ಊಟದ ಯೋಚನೆ ಇಲ್ಲ, ಮಕ್ಕಳಿಗೆ ಬಡಿಸಿ ಉಳಿದದ್ದು ನಾನೂ ನನ್ನ ಜೊತೆ ಅಡುಗೆ ಮಾಡುವ ಚಿಕ್ಕಬೋರಮ್ಮನೂ ಉಣ್ಣುತ್ತೇವೆ. ರಾತ್ರಿಗೆ ಒಂದು ಮುದ್ದೆ ಸಾಕು. ಬೇಸಿಗೆ ರಜೆಯ ಎರಡು ತಿಂಗಳು ನಮಗೆ ಸಂಬಳವೂ ಇಲ್ಲ, ಊಟವೂ ಇಲ್ಲ. ಈಗ ಸ್ಕೂಲು ತೆರೆದಿದೆ, ಹೊಟ್ಟೆಗೂ ಬಾಗಿಲು ತೆರೆದ ಹಾಗಾಯಿತು.

ನಮ್ಮ ಚೀಲವನ್ನು ಇಲಿ ಕಡಿದು ಜರಡಿ ಮಾಡಿತ್ತು. ದೇವಯ್ಯ ಮೇಷ್ಟ್ರೇ ಸ್ಕೂಲಿನ ಖಾಲಿ ಗೋಣಿಚೀಲ ಒಂದನ್ನು ತೆಗೆದುಕೊಟ್ಟರು. 'ತಕಂಡೋಗವ್ವಾ, ಇಲ್ಲಿದ್ರೂ ಇಲಿ ತಿಂತದೆ' ಅಂದರು. ಒಂದನೇ ಕ್ಲಾಸಿನಲ್ಲಿ ನನಗೆ ಅಕ್ಷರ ತಿದ್ದಿಸಿದವರು, ಈಗ ಅದೇ ಸ್ಕೂಲಿಗೆ ಹೆಡ್‌ಮಾಸ್ಟರಾಗಿದ್ದಾರೆ. ಮುಂದಿನ ವರ್ಷ ರಿಟೈರ್ ಆಗುತ್ತಾರೆ, ಪಾಪ.

ಸಹನಳ ಕೈಯಲ್ಲಿ ಕೆಲಸ ಮಾಡಿಸಬೇಡ. ಇದು ಕೊನೆಯ ವರ್ಷ. ಇದೊಂದು ದಾಟಿದರೆ ಲ್ಯಾಬ್ ಟೆಕ್ನಿಷಿಯನ್ ಆಗಿ ಯಾವುದಾದರೂ ಆಸ್ಪತ್ರೆಯಲ್ಲಿ ಬಿಳಿ ಕೋಟು ಹಾಕಿಕೊಂಡು ಜನರ ರಕ್ತ ತೆಗೆಯುತ್ತಾಳೆ. ನಮ್ಮಿಬ್ಬರ ರಕ್ತ ತೆಗೆದು ಅಭ್ಯಾಸವಂತೂ ಆಗಿದೆ.

ನಿನ್ನ ಅಕ್ಕ
ಮಂಗಳ

*

ಶ್ರೀರಂಗಪಟ್ಟಣ
22-6-2024

ಅಕ್ಕಾ,

ಚೀಲ ಬಂತು, ಕಾಗದವೂ ಬಂತು. ಖಾಲಿ ಚೀಲವನ್ನು ಇದರ ಜೊತೆ ವಾಪಸ್ ಕಳಿಸಿದ್ದೇನೆ. ಕಾಗದಕ್ಕೆ ಅಕ್ಕಿಯ ಧೂಳು ಮೆತ್ತಿಕೊಂಡು ಓದುವಾಗ ಎರಡು ಸಲ ಸೀನಿದೆ. ಸಹನ ಏನದು ಅಂದಳು, ಮರಿಸ್ವಾಮಿಯ ಬಾಡಿಗೆ ಚೀಟಿ ಅಂದೆ.

ಅಕ್ಕಿ ಚೆನ್ನಾಗಿದೆ. ದಿನಾ ಅದೇ ಅನ್ನ. ಸಹನ ಎರಡು ಸಲ ಹಾಕಿಸಿಕೊಳ್ಳುತ್ತಾಳೆ. ಯಾವ ತಿಂಗಳೂ ತಪ್ಪಿಸಬೇಡ, ತಪ್ಪಿದರೆ ನಮಗೆ ಇಲ್ಲಿ ಕಷ್ಟವಾಗುತ್ತದೆ. ಅಷ್ಟು ಹೇಳಿದ್ದೇನೆ, ಬಿಡಿಸಿ ಕೇಳಬೇಡ.

ನನ್ನನ್ನು ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿಯುವ ಸಾಲಿಗೆ ಹಾಕಿದ್ದಾರೆ. ಗಂಟೆಗೆ ಇಷ್ಟು ಕಾಲರ್ ಅಂತ ಬೋರ್ಡಿನ ಮೇಲೆ ಬರೆಯುತ್ತಾರೆ. ಮುಗಿಸಿದರೆ ನಾಳೆ ಹತ್ತು ಜಾಸ್ತಿ ಬರೆಯುತ್ತಾರೆ. ಮುಗಿಸದಿದ್ದರೆ ಸೂಪರ್‌ವೈಸರ್ ಬೆನ್ನ ಹಿಂದೆ ಬಂದು ನಿಂತು 'ಏನಮ್ಮಾ, ನಿದ್ದೆ ಮಾಡಾಕೆ ಬಂದಿದ್ದೀಯಾ?' ಅನ್ನುತ್ತಾನೆ. ಹಗಲು ಹೊತ್ತು ನೀರು ಕುಡಿಯುವುದನ್ನೇ ಬಿಟ್ಟಿದ್ದೇನೆ. ಕುಡಿದರೆ ಎದ್ದು ಹೋಗಬೇಕು, ಎದ್ದು ಹೋದರೆ ನಾಲ್ಕು ಕಾಲರ್ ಹೋಯಿತು.

ರೂಮಿನ ಓನರ್ ಹೊನ್ನಪ್ಪ ಬಾಡಿಗೆ ಏರಿಸಿದ್ದಾನೆ. ಕೇಳಿದರೆ 'ಎಲ್ಲಾದೂ ಏರೈತೆ ಕಣವ್ವಾ, ನಾನೊಬ್ಬ ಕೆಳಗಿರ್ಲಾ?' ಅಂದ. ನನ್ನ ಸಂಬಳ ಮಾತ್ರ ಕೆಳಗೆ ಕೂತಿದೆ, ಅದನ್ನು ಯಾರೂ ಕೈ ಹಿಡಿದು ಏಳಿಸುವುದಿಲ್ಲ. ನನ್ನ ಗಂಡ ಅನ್ನಿಸಿಕೊಂಡವನು ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ಪರೋಟ ತಟ್ಟುತ್ತಿದ್ದಾನಂತೆ. ಇತ್ತ ತಲೆ ಹಾಕಿ ವರ್ಷವಾಯಿತು. ಅವನ ಮಾತು ಬಿಡು.

ಹೇಮ

*

ಹೊಂಗೆಕೊಪ್ಪಲು
20-7-2024

ಹೇಮಾ,

ಸಹನ ಎರಡು ಸಲ ಹಾಕಿಸಿಕೊಂಡು ಉಣ್ಣುತ್ತಾಳೆ ಅಂತ ಬರೆದಿದ್ದೆಯಲ್ಲ, ಆ ಸಾಲನ್ನು ನಾಲ್ಕು ಸಲ ಓದಿದೆ. ಇಲ್ಲಿದ್ದಾಗ ಮುದ್ದೆ ಮುಂದಿಟ್ಟರೆ ಮೂಗು ಮುರಿಯುತ್ತಿದ್ದವಳು. ಓದುವವರಿಗೆ ಹಸಿವು ಜಾಸ್ತಿ. ಅದಕ್ಕೇ ತಪ್ಪಿಸಬೇಡ ಅಂತ ಬರೆದೆ ಅಂತ ಗೊತ್ತಾಯಿತು. ತಪ್ಪಿಸುವುದಿಲ್ಲ. ಈ ಸಲ ಅಕ್ಕಿಯ ಜೊತೆ ಎಂದಿನ ರಾಗಿ ಹಿಟ್ಟು ಎರಡು ಸೇರು ಜಾಸ್ತಿ, ಒಂದು ಗಂಟು ಹುರುಳಿಕಾಳು ಇದೆ.

ಒಂದು ತಮಾಷೆ ಕೇಳು. ಟೆಂಪೊಗೆ ಚೀಲ ಎತ್ತುವಾಗ ತಮ್ಮಯ್ಯ ಅಲ್ಲೇ ಕಟ್ಟೆಯ ಮೇಲಿದ್ದ. ಊರಿನವರ ಪರವಾಗಿ ಸ್ಕೂಲು ನೋಡಿಕೊಳ್ಳುವ ಕಮಿಟಿಗೆ ಈಗ ಅವನೇ ಅಧ್ಯಕ್ಷ. 'ಏನ್ ಮಂಗಳಮ್ಮಾ, ಸ್ಕೂಲ್ ಚೀಲ ಟೂರು ಒಂಟದೆ?' ಅಂದ. 'ಚೀಲ ಸ್ಕೂಲಿಂದು, ಅಕ್ಕಿ ನಂದು. ಚೀಲಕ್ಕೂ ಒಸಿ ಊರು ನೋಡೋ ಆಸೆ ಇರಾಕಿಲ್ವಾ?' ಅಂದೆ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಅವನೊಬ್ಬ ನಗಲಿಲ್ಲ. ನಗದಿದ್ದರೆ ನನಗೇನು ನಷ್ಟ?

ಕೊನೆಯ ಕಂತಿನ ಫೀಸು ಯಾವಾಗ ಕಟ್ಟಬೇಕು ಅಂತ ಸಹನಳಿಗೆ ಗೊತ್ತಾಗದ ಹಾಗೆ ಕಾಲೇಜಿನಲ್ಲಿ ವಿಚಾರಿಸಿ ಬರೆ.

ಮಂಗಳ

*

ಶ್ರೀರಂಗಪಟ್ಟಣ
17-8-2024

ಅಕ್ಕಾ,

ಬರೆಯಲು ತಡವಾಯಿತು. ಕೆಲಸ ಜಾಸ್ತಿ. ಕೈ ಸೋತಿದೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಸಹನ ಚೆನ್ನಾಗಿದ್ದಾಳೆ. ಬೆಳಿಗ್ಗೆ ಏಳೂವರೆಗೆ ಹೋಗಿ ಸಂಜೆ ಏಳಕ್ಕೆ ಬರುತ್ತಾಳೆ. ಬಂದವಳು ಉಂಡು ಮಲಗುತ್ತಾಳೆ. ಸ್ವಲ್ಪ ಇಳಿದಿದ್ದಾಳೆ, ಅಷ್ಟೇನಿಲ್ಲ. ಫೀಸಿಗೆ ಈಗಲೇ ಅವಸರವಿಲ್ಲ.

ಅಕ್ಕಿ ಮಾತ್ರ ಕಳಿಸು.

ಹೇಮ

*

ಹೊಂಗೆಕೊಪ್ಪಲು
28-9-2024

ಹೇಮಾ,

ಆಗಸ್ಟಿನ ಅಕ್ಕಿ ಯಾಕೆ ಬರಲಿಲ್ಲ ಅಂತ ಮರಿಸ್ವಾಮಿಯ ಹತ್ತಿರ ಕೇಳಿದೆಯಂತೆ. ಆ ತಿಂಗಳು ಊರಿಗೇ ರೇಷನ್ ಬರಲಿಲ್ಲ.

ಈ ತಿಂಗಳದ್ದು ಅರ್ಧ ಕಳಿಸಿದ್ದೇನೆ. ಹಳೇ ದಿಂಬಿನ ಚೀಲದಲ್ಲಿದೆ, ಒಗೆದು ಬಿಸಿಲಿಗೆ ಹಾಕಿದ್ದೆ, ಅಸಹ್ಯಪಡಬೇಡಿ. ಸ್ಕೂಲಿನಲ್ಲಿ ಕೆಲಸ ಜಾಸ್ತಿಯಾಗಿ ಜಾಸ್ತಿ ಬರೆಯಲು ಹೊತ್ತಿಲ್ಲ. ಸಹನ ಇಳಿದಿದ್ದಾಳೆ ಅಂದೆ. ಮೊಟ್ಟೆ ಕೊಡಿಸು.

ಮಂಗಳ

*

ಶ್ರೀರಂಗಪಟ್ಟಣ
19-10-2024

ಅಕ್ಕಾ,

ಅರ್ಧ ಅಂತ ಬರೆದಿದ್ದೀಯ. ಬಿಚ್ಚಿ ನೋಡಿದರೆ ಅರ್ಧಕ್ಕಿಂತ ಕಡಿಮೆ ಇದೆ. ಒಂದು ತಿಂಗಳು ಏನೂ ಇಲ್ಲ, ಇನ್ನೊಂದು ತಿಂಗಳು ದಿಂಬಿನ ಚೀಲ. ಮೊಟ್ಟೆ ಕೊಡಿಸು ಅಂತ ಉಪದೇಶ ಬೇರೆ. ಕೋಳಿ ನನ್ನ ರೂಮಿಗೆ ಬಂದು ಇಟ್ಟು ಹೋಗುತ್ತದೆಯೇ?

ಬೇಜಾರು ಮಾಡಿಕೊಳ್ಳಬೇಡ, ಆದರೆ ಹೇಳಿಯೇ ಬಿಡುತ್ತೇನೆ. ನಿನಗೆ ಮನೆ ಬಾಡಿಗೆ ಇಲ್ಲ. ಮಧ್ಯಾಹ್ನ ಸ್ಕೂಲಿನಲ್ಲಿ ಬಿಸಿ ಬಿಸಿ ಊಟ ಆಗುತ್ತದೆ. ಬೆನ್ನ ಹಿಂದೆ ನಿಂತು ಕಿರುಚುವವರಿಲ್ಲ. ಇಲ್ಲಿ ನೀರಿನ ಕ್ಯಾನಿಗೂ ದುಡ್ಡು ಕೊಡಬೇಕು. ನೀನು ಅಲ್ಲಿ ನೆರಳಲ್ಲಿ ಕೂತು ಅಕ್ಕಿ ಆರಿಸುವಾಗ ನಾನಿಲ್ಲಿ ಏನು ಪಾಡು ಪಡುತ್ತಿದ್ದೇನೆ ಅಂತ ನಿನಗೆ ಗೊತ್ತಿಲ್ಲ. ನಿನ್ನ ಮಗಳನ್ನೇ ನಾನು ಇಟ್ಟುಕೊಂಡಿರುವುದು, ಪಕ್ಕದ ಮನೆಯವರ ಮಗಳನ್ನಲ್ಲ. ಅವಳ ಪಾಲಿನ ಅಕ್ಕಿಯನ್ನಾದರೂ ಪೂರ್ತಿ ಕಳಿಸು.

ಹೇಮ

*

ಹೊಂಗೆಕೊಪ್ಪಲು
9-11-2024

ಹೇಮಶ್ರೀ,

ನೆರಳಲ್ಲಿ ಕೂತು ಅಕ್ಕಿ ಆರಿಸುತ್ತೇನೆ ಅಂದೆ. ನಾನು ಸ್ಕೂಲಿನ ಅಡುಗೆಮನೆಯ ಹೊಸ್ತಿಲು ತುಳಿದು ಎರಡೂವರೆ ತಿಂಗಳಾಯಿತು. ಬೆಳಗಿನಿಂದ ಸಂಜೆವರೆಗೆ ಕಂಡವರ ಶುಂಠಿ ಹೊಲದಲ್ಲಿ ಬಗ್ಗಿ ಕಳೆ ಕೀಳುತ್ತೇನೆ, ಅದೂ ಕರೆದ ದಿನ. ನಿನಗೆ ಹೇಳುವುದು ಬೇಡ ಅಂತಿದ್ದೆ. ನಿನ್ನ ಕಾಗದ ಓದಿದ ಮೇಲೆ ಬಾಯಿ ಮುಚ್ಚಿಕೊಂಡಿರಲು ಆಗುತ್ತಿಲ್ಲ.

ಆಗಸ್ಟ್ 24ನೇ ತಾರೀಕು, ಶನಿವಾರ. ಎಂದಿನ ಹಾಗೆ ಚೀಲ ಹೊತ್ತು ಟೆಂಪೊ ಹತ್ತಿರ ಹೋದೆ. ತಮ್ಮಯ್ಯ ನಾಲ್ಕು ಜನರನ್ನು ಕಟ್ಟಿಕೊಂಡು ಕಾದಿದ್ದ. ಚೀಲದ ಮೇಲಿನ ಸರ್ಕಾರದ ಮುದ್ರೆಗೆ ಬೆರಳಿಟ್ಟು 'ನೋಡ್ರಪ್ಪಾ, ಮಕ್ಳ ಬಾಯಿಗೆ ಬೀಳೋ ಅಕ್ಕಿಯ ಒತ್ಕಂಡೋಯ್ತಾವ್ಳೆ' ಅಂತ ಕೂಗಿದ. ರೇಷನ್ ಅಕ್ಕಿ ಅಂದೆ, ಕಾರ್ಡು ತಂದು ತೋರಿಸಿದೆ. 'ಕಾರ್ಡಲ್ಲಿ ಅಕ್ಕಿ ಫೋಟೋ ಐತಾ?' ಅಂದ. ಸ್ಕೂಲಿನದೂ ರೇಷನ್ನಿನದೂ ಒಂದೇ ಥರದ ಅಕ್ಕಿ. ಯಾವುದು ಯಾರದು ಅಂತ ಕಾಳು ಹೇಳುವುದಿಲ್ಲ. ಚೀಲ ಮಾತ್ರ ಹೇಳಿತು.

ಮಂಗಳವಾರ ಸ್ಕೂಲಿನ ಅಂಗಳದಲ್ಲಿ ಸಭೆ. ಚಿಕ್ಕಬೋರಮ್ಮ ಕಂಬದ ಹಿಂದೆ ನಿಂತು ಸೆರಗು ಕಚ್ಚಿಕೊಂಡಿದ್ದಳು. ಅವಳದೂ ಹೊಟ್ಟೆಪಾಡು. ನಾನು ನಂಬಿದ್ದು ದೇವಯ್ಯ ಮೇಷ್ಟ್ರನ್ನು. ಅವರು ನನ್ನನ್ನು ಒಳಗೆ ಕರೆದು, 'ಖಾಲಿ ಚೀಲಕ್ಕೂ ನಾನು ಲೆಕ್ಕ ಕೊಡಬೇಕು ಕಣಮ್ಮಾ. ನಾನೇ ಕೊಟ್ಟೆ ಅಂದ್ರೆ ನನ್ನ ಪೆನ್ಷನ್ನಿಗೆ ಬತ್ತದೆ. ಚೀಲ ಕೇಳ್ದೆ ತಗಂಡೆ ಅಂತ ಒಂದ್ ಸೈನ್ ಆಕ್ಬುಡು, ಇಲ್ಲಿಗೇ ಮುಗಿಸ್ಬುಡ್ತೀನಿ' ಅಂದರು. ಅವರೇ ಬರೆದು ಕೊಟ್ಟರು. ನಾನು ಸಹಿ ಹಾಕಿದೆ. ಓದಲಿಲ್ಲ, ಹೇಮಾ. ಓದಲು ಬಾರದೆ ಅಲ್ಲ. ಓದು ಕಲಿಸಿದವರು ಬರೆದದ್ದನ್ನು ಅವರೆದುರಿಗೇ ಹಿಡಿದು ಪರೀಕ್ಷೆ ಮಾಡುವುದು ಮರ್ಯಾದೆಯಲ್ಲ ಅನ್ನಿಸಿತು. ಹೊರಗೆ ಬಂದು ತಮ್ಮಯ್ಯ ಗಟ್ಟಿಯಾಗಿ ಓದಿದ. 'ಚೀಲವನ್ನೂ ಅದರಲ್ಲಿದ್ದ ಅಕ್ಕಿಯನ್ನೂ' ಅಂತ ಇತ್ತು. ನಾನು ಮೇಷ್ಟ್ರ ಮುಖ ನೋಡಿದೆ. ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ನನ್ನ ಅಕ್ಕಿಯನ್ನು ನನ್ನ ಕಣ್ಣೆದುರಿಗೇ ಸ್ಕೂಲಿನ ಡ್ರಮ್ಮಿಗೆ ಸುರಿದರು. ನನ್ನ ಜಾಗಕ್ಕೆ ತಮ್ಮಯ್ಯನ ತಮ್ಮನ ಸೊಸೆ ಬಂದಳು. ಮರಿಸ್ವಾಮಿಗೆ ಅವನ ಮಕ್ಕಳ ಮೇಲೆ ಆಣೆ ಹಾಕಿಸಿದ್ದೆ, ನಿಮಗೆ ಹೇಳಕೂಡದು ಅಂತ.

ಮಧ್ಯಾಹ್ನದ ಊಟ ಹೋದ ಮೇಲೆ ನನಗೂ ಅನ್ನ ಬೇಕಾಯಿತು. ಅದಕ್ಕೇ ಅರ್ಧ ಇಟ್ಟುಕೊಂಡೆ. ಎರಡು ದಿನ ಕೂಲಿ ಇಲ್ಲದೆ ಇದ್ದಾಗ ಅರ್ಧಕ್ಕಿಂತ ಒಂದು ಹಿಡಿ ಜಾಸ್ತಿ ಇಟ್ಟುಕೊಂಡದ್ದೂ ನಿಜ. ನೀನು ಅಳೆದು ನೋಡಿದ್ದು ಸರಿಯಾಗಿದೆ.

ಕಳ್ಳಿ ಅನ್ನಿಸಿಕೊಂಡದ್ದು ಸುಡುತ್ತದೆ. ಆದರೂ ಒಂದು ಸಮಾಧಾನ ಇಟ್ಟುಕೊಂಡಿದ್ದೇನೆ, ಆ ಚೀಲ ಹೊತ್ತದ್ದು ನನ್ನ ಮಗಳ ಓದಿಗೆ. ಅವಳು ಪಾಸಾಗಲಿ, ಆಮೇಲೆ ಈ ಊರಿಗೆ ಉತ್ತರ ಕೊಡುತ್ತೇನೆ. ಅವಳಿಗೆ ಇದರಲ್ಲಿ ಒಂದಕ್ಷರ ತಿಳಿಸಬೇಡ.

ಮಂಗಳ

*

ಹೊಂಗೆಕೊಪ್ಪಲು
11-1-2025

ಹೇಮಾ,

ಎರಡು ತಿಂಗಳಿಂದ ನಿನ್ನ ಕಾಗದವಿಲ್ಲ. ನಾನು ಒರಟಾಗಿ ಬರೆದೆ ಅಂತ ಮುನಿಸಿಕೊಂಡಿದ್ದೀಯ. ಇರಲಿ, ಒಂದು ಸುದ್ದಿ ಇದೆ.

ತಮ್ಮಯ್ಯನ ಕಡೆಯ ಆ ಹುಡುಗಿ ಕೆಲಸ ಬಿಟ್ಟು ಹೋದಳು. 'ಇಷ್ಟು ಕಾಸಿಗೆ ಇಷ್ಟ್ ದೊಡ್ಡ ಹಂಡೆ ತಿಕ್ಕಾಕೆ ನನ್ ಕೈಲಾಗಾಕಿಲ್ಲ' ಅಂದಳಂತೆ. ಊರೆಲ್ಲ ಹುಡುಕಿದರು. ಯಾರೂ ಬರಲಿಲ್ಲ. ಕೊನೆಗೆ ತಮ್ಮಯ್ಯನೇ ನನ್ನ ಬಾಗಿಲಿಗೆ ಬಂದ. 'ಆಗಿದ್ದಾಯ್ತು, ಬಾರವ್ವಾ. ಪ್ರಾರ್ಥನೆ ಒತ್ನಲ್ಲಿ ಮಕ್ಳ ಮುಂದೆ ತಪ್ಪಾಯ್ತು ಅನ್ಬುಡು, ನಮ್ಗೂ ಒಂದ್ ಮಾತಿರ್ತದೆ' ಅಂದ.

ಆ ಕ್ಷಣಕ್ಕೆ ಪೊರಕೆ ತೆಗೆದುಕೊಳ್ಳಬೇಕು ಅನ್ನಿಸಿತು. ಆಮೇಲೆ ಸಹನಳ ಪರೀಕ್ಷೆ ನೆನಪಾಯಿತು. ಕೊನೆಯ ಕಂತಿನ ಫೀಸು ಶುಂಠಿ ಹೊಲದಿಂದ ಹುಟ್ಟುವುದಿಲ್ಲ. ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಹೋಗಿ ಸಾಲಿನ ಮುಂದೆ ನಿಂತೆ. 'ಅಕ್ಕಿ ತಗಂಡಿದ್ದು ತಪ್ಪಾಯ್ತು ಕಣ್ರಪ್ಪಾ' ಅಂದೆ. ತಗೊಳ್ಳದ ಅಕ್ಕಿಯನ್ನು ತಗೊಂಡೆ ಅಂತ ನನ್ನ ಬಾಯಲ್ಲೇ ಹೇಳಿದೆ. ಎಂಬತ್ತು ಮಕ್ಕಳು ಕೈ ಜೋಡಿಸಿಕೊಂಡು ನೋಡುತ್ತಿದ್ದವು. ಕೆಲವಕ್ಕೆ ನಾನು ತುತ್ತು ಕಲಸಿ ಕೊಟ್ಟಿದ್ದೇನೆ. ಅವು ನಗಲಿಲ್ಲ, ಅದೊಂದು ಪುಣ್ಯ.

ಈಗ ಮನೆಗೆ ಹೊರಡುವಾಗ ಗೇಟಿನಲ್ಲಿ ನನ್ನ ಕೈಚೀಲ ಬಿಚ್ಚಿಸಿ ನೋಡುತ್ತಾರೆ. ನೋಡಲಿ. ಸಂಬಳ ಆದ ಕೂಡಲೇ ಫೀಸಿನ ಹಣ ಮರಿಸ್ವಾಮಿಯ ಕೈಯಲ್ಲಿ ಕಳಿಸುತ್ತೇನೆ. ನೀನು ಸಹನಳಿಗೆ ಧೈರ್ಯ ಹೇಳು. ಇನ್ನು ನಾಲ್ಕೈದು ತಿಂಗಳು, ಅಷ್ಟೇ.

ಮಂಗಳ

*

ಶ್ರೀರಂಗಪಟ್ಟಣ
11-1-2025

ಅಕ್ಕಾ,

ನಿನ್ನ ನವೆಂಬರಿನ ಕಾಗದಕ್ಕೆ ಆರು ಸಲ ಉತ್ತರ ಬರೆದು ಹರಿದು ಹಾಕಿದೆ. ಇದು ಏಳನೆಯದು. ಇದನ್ನು ಹರಿಯುವುದಿಲ್ಲ.

ಸಹನ ಓದುತ್ತಿಲ್ಲ.

ಜುಲೈ ತಿಂಗಳಲ್ಲಿ ನನಗೆ ಮೂತ್ರದ ಸೋಂಕು ಕಿಡ್ನಿಗೆ ಏರಿ ಮೂರು ವಾರ ಮಲಗಿಬಿಟ್ಟೆ. ಡಾಕ್ಟರು ನೀರು ಯಾಕೆ ಕುಡಿಯಲ್ಲ ಅಂತ ಬೈದರು. ಅವರಿಗೆ ಕಾಲರಿನ ವಿಷಯ ಏನಂತ ಹೇಳಲಿ? ಸಂಬಳ ಹೋಯಿತು, ರೂಮಿನ ಅಡ್ವಾನ್ಸ್ ಬಾಡಿಗೆಗೆ ಮುರಿದುಕೊಂಡಾಯಿತು. ಹೊನ್ನಪ್ಪ ಬೀಗ ತಂದು ಬಾಗಿಲಲ್ಲಿ ನಿಂತ ದಿನ ಸಹನ 'ಚಿಕ್ಕಮ್ಮಾ, ನಾನೇ ಫ್ಯಾಕ್ಟರಿಗೆ ಹೋಗ್ತೀನಿ' ಅಂದಳು. ನಾನು ಬೇಡ ಅಂದೆ. ಜೋರಾಗಿ ಬೇಡ ಅನ್ನಲಿಲ್ಲ, ಅಕ್ಕಾ. ಅದನ್ನು ಒಪ್ಪಿಕೊಳ್ಳುತ್ತೇನೆ.

ಫ್ಯಾಕ್ಟರಿಯಲ್ಲಿ ಅವಳ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಒರಿಜಿನಲ್ ಕೇಳಿದರು. ಅದು ಕಾಲೇಜಿನಲ್ಲಿತ್ತು. ಕಾಲೇಜು ಬಿಟ್ಟರೆ ಮಾತ್ರ ವಾಪಸ್ ಕೊಡುತ್ತೇವೆ ಅಂದರು. ಜುಲೈ 29ಕ್ಕೆ ನಾನು ಮೈಸೂರಿಗೆ ಹೋಗಿ, ಪೋಷಕರು ಅನ್ನುವ ಕಡೆ ನನ್ನ ಹೆಸರು ಬರೆದು ಸಹಿ ಹಾಕಿ ಬಿಡಿಸಿಕೊಂಡು ಬಂದೆ. ನಿನ್ನ ಹಾಗೆ ಓದದೆ ಹಾಕಿದ್ದಲ್ಲ. ಪೂರ್ತಿ ಓದಿಯೇ ಹಾಕಿದೆ. ಈಗ ಆ ಸೀಟು ಇಲ್ಲ, ಈ ವರ್ಷ ಪರೀಕ್ಷೆಯೂ ಇಲ್ಲ. ಅವಳು ನನ್ನದೇ ಫ್ಲೋರಿನಲ್ಲಿ ದಾರ ಕತ್ತರಿಸುತ್ತಾಳೆ. 'ಅಮ್ಮಂಗೆ ಗೊತ್ತಾದ್ರೆ ನಿಂತ ಕಡೇನೇ ಸತ್ತೋಯ್ತದೆ' ಅಂತ ನನ್ನ ಬಾಯಿ ಕಟ್ಟಿಸಿದ್ದಳು. ನನಗೂ ಬಾಯಿ ಕಟ್ಟಿಸಿಕೊಳ್ಳುವುದು ಅನುಕೂಲವಾಗಿತ್ತು.

ಯಾಕೆ ಅಂದರೆ ಅಕ್ಕಿ. ಅಕ್ಕಾ, ನಿನ್ನ ಅಕ್ಕಿಯನ್ನು ನಾವು ಒಂದು ದಿನವೂ ಬೇಯಿಸಲಿಲ್ಲ. ಮೊದಲ ಚೀಲದಿಂದಲೂ ಕೆಳಗಿನ ದೋಸೆ ಹಿಟ್ಟಿನ ಅಂಗಡಿಯವನಿಗೆ ಮಾರಿದ್ದೇವೆ. ಅವನು ಕೊಡುವುದು ಮಾರ್ಕೆಟ್ಟಿನ ಅರ್ಧ ಬೆಲೆ. ಅದರಲ್ಲಿ ಗ್ಯಾಸು, ಕರೆಂಟು ಕಳೆಯುತ್ತಿತ್ತು. ಸಹನ ಕಾಲೇಜು ಬಿಟ್ಟಳು ಅಂತ ಬರೆದರೆ ನೀನು ಅವಳನ್ನು ಊರಿಗೆ ಕರೆಸಿಕೊಳ್ಳುತ್ತೀಯ, ಅಕ್ಕಿಯೂ ನಿಲ್ಲುತ್ತದೆ ಅಂತ ಹೆದರಿದೆ. ನಾವು ತಿಂದದ್ದು ನಿನ್ನ ರಾಗಿ ಹಿಟ್ಟು. ಎರಡು ಸಲ ಹಾಕಿಸಿಕೊಳ್ಳುತ್ತಾಳೆ ಅಂತ ಬರೆದದ್ದು ನಿನಗೆ ಸಂತೋಷವಾಗಲಿ ಅಂತ.

ನಿನ್ನ ಕೆಲಸ ಹೋದದ್ದನ್ನು ಓದಿದ ದಿನ ಅವಳಿಗೂ ಕಾಗದ ತೋರಿಸಿಬಿಟ್ಟೆ. ನನ್ನೊಬ್ಬಳ ಕೈಯಲ್ಲಿ ಹೊರಲಾಗಲಿಲ್ಲ. ಅವಳು ಅಳಲಿಲ್ಲ. 'ಆ ಚೀಲಗಳ್ನ ಅಂಗಡಿಗೆ ಇಳಿಸಿದ್ದು ನಾನೇ' ಅಂದು ಶಿಫ್ಟಿಗೆ ಹೊರಟಳು.

ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ಹೇಮ

*

ಹೊಂಗೆಕೊಪ್ಪಲು
25-1-2025

ಹೇಮಾ,

ಹನ್ನೊಂದನೇ ತಾರೀಕು ಮರಿಸ್ವಾಮಿ ಬೆಳಿಗ್ಗೆ ನನ್ನ ಕಾಗದ ತೆಗೆದುಕೊಂಡು ಹೋಗಿ ಸಂಜೆ ನಿನ್ನದನ್ನು ತಂದುಕೊಟ್ಟ. ಒಂದು ವಾರ ಮುಂಚೆ ಬಂದಿದ್ದರೆ ನಾನು ಆ ಮಕ್ಕಳ ಮುಂದೆ ನಿಲ್ಲುತ್ತಿರಲಿಲ್ಲ.

ಬೈದು ಬರೆ ಅಂದೆ. ಬೈಯುವುದಕ್ಕೆ ಕೂತಾಗ ತಾರೀಕುಗಳು ಕಣ್ಣಿಗೆ ಬಿದ್ದವು. ನೀನು ಸಹಿ ಹಾಕಿದ್ದು ಜುಲೈ 29. ತಮ್ಮಯ್ಯ ಚೀಲ ಹಿಡಿದದ್ದು ಆಗಸ್ಟ್ 24. ನಡುವೆ ನಿನ್ನದೊಂದು ಕಾಗದ ಬಂದಿತ್ತು, ತೆಗೆದು ನೋಡಿದೆ. 'ಬೆಳಿಗ್ಗೆ ಏಳೂವರೆಗೆ ಹೋಗಿ ಸಂಜೆ ಏಳಕ್ಕೆ ಬರುತ್ತಾಳೆ' ಅಂತ ಬರೆದಿದ್ದೀಯ. ಸುಳ್ಳು ಹುಡುಕಿದೆ, ಸಿಗಲಿಲ್ಲ. ಎಲ್ಲಿಗೆ ಅನ್ನುವ ಒಂದು ಮಾತು ಬರೆದಿದ್ದರೆ ಆ ಚೀಲ ಮನೆಯಿಂದ ಹೊರಗೇ ಬರುತ್ತಿರಲಿಲ್ಲ. ನಾನು ಕಳ್ಳಿಯಾದದ್ದು ಓದು ಬಿಟ್ಟ ಮಗಳ ಓದಿಗೆ, ದೋಸೆ ಹಿಟ್ಟಿನ ಅಂಗಡಿಯ ಅಕ್ಕಿಗೆ. ನೀನು ಕಳಿಸಿದವುಗಳಲ್ಲಿ ಇದೇ ಎಲ್ಲಕ್ಕಿಂತ ಉದ್ದದ ಕಾಗದ, ಇದೊಂದೇ ನಿಜದ ಕಾಗದ. ನಾನೂ ಎರಡೂವರೆ ತಿಂಗಳು ಮುಚ್ಚಿಟ್ಟೆ, ಇಲ್ಲ ಅನ್ನುವುದಿಲ್ಲ. ನಿನ್ನ ಕಾಯಿಲೆಗೆ ಸಂಕಟವಾಗುತ್ತದೆ. ಆದರೂ ನಿನ್ನ ಮೇಲೆ ಸಿಟ್ಟಿದೆ. ಅದು ಇಳಿಯುತ್ತದೆ ಅಂತ ಈಗ ಬರೆಯಲಾರೆ.

ಕೆಲಸ ಬಿಡುವುದಿಲ್ಲ. ಬಿಟ್ಟು ಎಲ್ಲಿಗೆ ಹೋಗಲಿ? ಬೆಳಿಗ್ಗೆ ಹಂಡೆ ಇಡುತ್ತೇನೆ, ಸಂಜೆ ಗೇಟಿನಲ್ಲಿ ಕೈಚೀಲ ಬಿಚ್ಚುತ್ತೇನೆ. ದೇವಯ್ಯ ಮೇಷ್ಟ್ರು ನಾನು ಬಡಿಸಿದ್ದನ್ನು ಉಣ್ಣುವಾಗ ತಲೆ ಎತ್ತುವುದಿಲ್ಲ.

ಮರಿಸ್ವಾಮಿಯ ಕೈಯಲ್ಲಿ ಈ ಕಾಗದ ಬಿಟ್ಟು ಬೇರೇನೂ ಇಲ್ಲ, ಹುಡುಕಬೇಡಿ. ಈ ತಿಂಗಳ ರೇಷನ್ ನಿನ್ನೆ ತಂದೆ. ಸಹನಳ ಪಾಲು, ನನ್ನ ಪಾಲು, ಎರಡರಿಂದಲೂ ಒಂದೊಂದು ಪಾವು ಅಳೆದು ಒಟ್ಟಿಗೇ ಬೇಯಿಸಿದೆ. ಒಬ್ಬಳಿಗೆ ಜಾಸ್ತಿಯಾಯಿತು. ಬಿಡದೆ ಎರಡು ಸಲ ಹಾಕಿಕೊಂಡು ಪೂರ್ತಿ ಉಂಡೆ.

ಮಂಗಳ